ಅಡಿಗೊಂದು ಇಂಚು

ನಮ್ಮಪ್ಪ ಅಡಿಗೆಮನೆ ನೆಲದ ಮೇಲೆ ಮಂಡಿಯೂರಿ ಕೂತು ರುಬ್ಬುವ ಒರಳನ್ನು ಅಳೆಯುತ್ತಿದ್ದರು. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ವರ್ನಿಯರ್ ಕ್ಯಾಲಿಪರ್, ಕಿವಿ ಸಂದಿಯಲ್ಲಿ ಪೆನ್ಸಿಲ್ಲು. ಪಕ್ಕದಲ್ಲಿ ಅಜ್ಜಿ ನೆನೆದ ಅಕ್ಕಿಯ ಪಾತ್ರೆ ಹಿಡಿದು ನಿಂತಿದ್ದರು. ನಾನು ಗೋಡೆಗೆ ಒರಗಿ ಗ್ರಾಫ್ ಪುಸ್ತಕದಲ್ಲಿ ಅಪ್ಪ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆ. ಹೊರಗಿನ ಅಗಲ ಹದಿನೆಂಟು ಇಂಚು. ಗುಳಿಯ ಬಾಯಿ ಎಂಟು. ಅಂಚಿನ ದಪ್ಪ ಹೇಳುವ ಮುಂಚೆ ಅಪ್ಪ ವರ್ನಿಯರನ್ನು ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿದರು.

"ಆಯ್ತೇನೋ? ಅಕ್ಕಿ ಇಲ್ಲೇ ಹುಳಿ ಬರೋ ಹಾಗಿದೆ," ಅಂದರು ಅಜ್ಜಿ.

"ಒಂದೇ ನಿಮಿಷ ಅಮ್ಮ."

"ಆ ಒರಳು ಎಷ್ಟಿದೆ ಅಂತ ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ?"

ಅಪ್ಪ ನಕ್ಕರು. ಆ ಮಾತನ್ನು ಅಜ್ಜಿ ಸುಮ್ಮನೆ ಅಂದಿದ್ದಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಇದು 1982ರ ಮಾತು. ಗೌರಿ ಗಣೇಶ ಮುಗಿದ ಮಾರನೇ ವಾರ. ಹಲಸೂರಿನಲ್ಲಿ ಸೋಮೇಶ್ವರನ ಗುಡಿಯಿಂದ ಐದು ನಿಮಿಷದ ನಡಿಗೆಯಲ್ಲಿ ನಮ್ಮ ವಠಾರ. ಆರು ಮನೆ, ಮಧ್ಯೆ ಅಂಗಳ, ಅಂಗಳಕ್ಕೊಂದು ನಲ್ಲಿ. ಮನೆಯೊಳಗೆ ಕನ್ನಡ, ನಲ್ಲಿ ಹತ್ತಿರ ತಮಿಳು, ಶಿವಾಜಿನಗರಕ್ಕೆ ಹೋದರೆ ಉರ್ದು. ಕಂಟೋನ್ಮೆಂಟಿನ ಮಕ್ಕಳಿಗೆ ಇದು ಯಾರೂ ಹೇಳಿಕೊಡದೆ ಬರುತ್ತಿತ್ತು. ಮಾಲೀಕರು ವಠಾರ ಮಾರಿಬಿಟ್ಟಿದ್ದರು. ಹೊಸವರ್ಷ ಕಳೆದ ಮೇಲೆ ಎಲ್ಲರೂ ಖಾಲಿ ಮಾಡಬೇಕು. ಅಪ್ಪನಿಗೆ ಕೆ.ಆರ್. ಪುರದ ಕಡೆ ದೂರವಾಣಿನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿತ್ತು. ಅಪ್ಪ ಐಟಿಐ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಡಲು 1948ರಲ್ಲಿ ಶುರುವಾದ ಕಾರ್ಖಾನೆ ಅದು. ಅಲ್ಲಿ ಕೂದಲಿನಷ್ಟು ಹೆಚ್ಚುಕಮ್ಮಿಯಾದರೂ ಅಚ್ಚು ಕೂರುವುದಿಲ್ಲ. ಅಪ್ಪ ಮನೆಯಲ್ಲಿ ಹಲಸಿನಹಣ್ಣು ಹೆಚ್ಚುವಾಗಲೂ ಆ ಕಣ್ಣಿನಲ್ಲೇ ಹೆಚ್ಚುತ್ತಿದ್ದರು.

ಒಂದು ರಾತ್ರಿ ಊಟದ ಹೊತ್ತಿನಲ್ಲಿ ಅಪ್ಪ ಅಂದರು: "ಈ ಸಲ ಗೊಂಬೆ ಪಕ್ಕ ಪಾರ್ಕು ಬೇಡ. ಮನೆ ಮಾಡ್ತೀನಿ. ನಮ್ಮನೇನೇ."

ದಸರೆಗೆ ಗೊಂಬೆ ಕೂರಿಸುವ ಮನೆಯವರಿಗೆ ಪಾರ್ಕು ಅಂದರೆ ಏನು ಅಂತ ಹೇಳಬೇಕಿಲ್ಲ. ಮೆಟ್ಟಿಲ ಮೇಲೆ ದೊಡ್ಡವರ ಗೊಂಬೆ: ಕಲಶ, ಪಟ್ಟದ ಗೊಂಬೆ, ದಶಾವತಾರ, ಅಂಗಡಿ ಇಟ್ಟುಕೊಂಡ ಶೆಟ್ಟರು ಶೆಟ್ಟಮ್ಮ. ಕೆಳಗೆ ನೆಲದ ಮೇಲೆ ಮಕ್ಕಳ ರಾಜ್ಯ. ವಾರದ ಮುಂಚೆ ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಹುಲ್ಲುಹಾಸು. ಕನ್ನಡಿ ಚೂರು ಕೆರೆ, ಅದರ ಮೇಲೆ ಪ್ಲಾಸ್ಟಿಕ್ ಬಾತುಕೋಳಿ. ಮರಳಿನ ದಾರಿಯಲ್ಲಿ ಕಾರು, ಕಾರಿಗಿಂತ ದೊಡ್ಡ ಗಿಳಿ, ಗಿಳಿಯಷ್ಟೇ ಇರುವ ಆನೆ. ಯಾವುದು ಎಷ್ಟಿರಬೇಕು ಅಂತ ಯಾರೂ ಕೇಳುವುದಿಲ್ಲ. ಅಪ್ಪನಿಗೆ ಅದನ್ನೇ ತಡೆಯಲಾಗುತ್ತಿರಲಿಲ್ಲ ಅಂತ ಕಾಣುತ್ತದೆ.

ಶಿವಾಜಿನಗರದ ಗುಜರಿಯಲ್ಲಿ ಅಪ್ಪನಿಗೆ ಒಮ್ಮೆ ಹಳೇ ಇಂಗ್ಲಿಷ್ ಪತ್ರಿಕೆ ಸಿಕ್ಕಿತ್ತು. ಅದರಲ್ಲಿ ಇಂಗ್ಲೆಂಡಿನ ರಾಣಿ ಮೇರಿಯ ಗೊಂಬೆಮನೆಯ ಚಿತ್ರಗಳು. ದಿಲ್ಲಿಯಲ್ಲಿ ಈಗಿನ ರಾಷ್ಟ್ರಪತಿ ಭವನದ ನಕ್ಷೆ ಬರೆದ ಲ್ಯುಟೆನ್ಸ್ ಸಾಹೇಬರೇ ಅದನ್ನೂ ಮಾಡಿದ್ದು, ಮುಗಿದದ್ದು 1924ರಲ್ಲಿ. ಅದರ ಪುಟ್ಟ ನಲ್ಲಿಯಲ್ಲಿ ನೀರು ಬರುತ್ತದೆ, ದೀಪ ಉರಿಯುತ್ತದೆ, ಲಿಫ್ಟು ಓಡಾಡುತ್ತದೆ. ಬೆರಳುದ್ದದ ಪುಸ್ತಕಗಳಲ್ಲಿ ಷರ್ಲಾಕ್ ಹೋಮ್ಸ್‌ನ ಕರ್ತೃ ಕಾನನ್ ಡಾಯ್ಲ್ ಬರೆದುಕೊಟ್ಟ ಒಂದು ಕತೆಯೂ ಇದೆ. ಅಪ್ಪನ ಮನಸ್ಸು ಹಿಡಿದದ್ದು ಮಾತ್ರ ಅಳತೆ. ಅಡಿಗೊಂದು ಇಂಚು. ಹನ್ನೆರಡರಲ್ಲಿ ಒಂದು ಪಾಲು. ಇಡೀ ಮನೆ, ಒಳಗಿನ ಚಮಚದವರೆಗೂ, ಅದೇ ಲೆಕ್ಕ. "ರಾಣಿ ಮನೆ ಮಾಡಿದಾರೆ. ವಠಾರದ ಮನೆ ಯಾರಾದ್ರೂ ಮಾಡಿದಾರಾ?" ಅಂತ ಅಪ್ಪ ಅಮ್ಮನನ್ನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಮಜ್ಜಿಗೆ ಬಡಿಸುತ್ತಾ, "ಮಾಡಿ, ಆದ್ರೆ ನನ್ನ ಕತ್ತರಿ ಮುಟ್ಟಬೇಡಿ," ಅಂದರು.

ಆ ವರ್ಷ ಅಧಿಕ ಆಶ್ವಯುಜ ಬಂದಿತ್ತು. ಹಬ್ಬ ಒಂದು ತಿಂಗಳು ಮುಂದಕ್ಕೆ ಹೋಗಿ ಅಕ್ಟೋಬರ್ ಮಧ್ಯಕ್ಕೆ ಬಿತ್ತು. ಆ ಒಂದು ತಿಂಗಳು ಸಿಗದಿದ್ದರೆ ಮನೆ ಮುಗಿಯುತ್ತಲೇ ಇರಲಿಲ್ಲ.

ಪ್ರತಿ ಭಾನುವಾರ ಅಪ್ಪನ ಸೈಕಲ್ಲಿನ ಮುಂದಿನ ಕಂಬಿ ಮೇಲೆ ನಾನು. ಪ್ಯಾಕಿಂಗ್ ಕೇಸಿನ ಹಲಗೆ ಗುಜರಿಯಲ್ಲಿ ಸಿಕ್ಕಿತು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಂಚದ ಕಾಲು ಕಡೆಯುವ ಒಬ್ಬ ಮುದುಕರಿದ್ದರು. ಅವರ ಹತ್ತಿರ ಅಪ್ಪ ಒಂದೂವರೆ ಇಂಚಿನ ಮಂಚದ ಕಾಲು ನಾಲ್ಕು ಬೇಕೆಂದು ಕೇಳಿದರು. ಅವರು ಅಪ್ಪನ ಗ್ರಾಫ್ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದ್ರ ಮೇಲೆ ಇರುವೆ ಮಲಗ್ತಾವಾ ಸಾಬ್?" ಅಂದರು. ಆದರೆ ಕಡೆದುಕೊಟ್ಟರು. ಉಳಿಯನ್ನು ಮುಟ್ಟಿಸಿದಷ್ಟಕ್ಕೇ ಎತ್ತುತ್ತಿದ್ದರು. ಇಲ್ಲದಿದ್ದರೆ ಕಡ್ಡಿ ಮುರಿದು ಹಾರಿಹೋಗುತ್ತಿತ್ತು. ನಾಲ್ಕು ಕಾಲಿಗಾಗಿ ಏಳು ಕಡೆದರು, ದುಡ್ಡು ನಾಲ್ಕಕ್ಕೇ ತೆಗೆದುಕೊಂಡರು. ಚನ್ನಪಟ್ಟಣದವರ ಹಾಗೆ ಅರಗು ಹಾಕಿಕೊಡಿ ಅಂತ ನಾನು ಹಟ ಹಿಡಿದೆ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಕರಗಿ ಬಣ್ಣ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯ ಹೊಳಪು ಬರುತ್ತದೆ. ನನ್ನ ಅಡಿಗೆ ಆಟದ ಸಾಮಾನೆಲ್ಲ ಹಾಗೇ ಇತ್ತು, ಆಲೆ ಮರದ್ದು, ಕೆಂಪು ಹಳದಿ. ಅಪ್ಪ ಬೇಡವೆಂದರು. "ನಮ್ಮ ಮಂಚಕ್ಕೆ ಬಣ್ಣ ಎಲ್ಲಿದೆ?"

ಅಪ್ಪನ ನಿಯಮ ಅದೊಂದೇ. ಮನೆಯಲ್ಲಿ ಇರುವುದೆಲ್ಲ ಇರಬೇಕು, ಇಲ್ಲದ್ದು ಇರಬಾರದು. ನಾನು ಕೋಟಿನ ಕಪ್ಪು ಗುಂಡಿಗೆ ವೈರು ಸುತ್ತಿ ಒಂದು ಟೆಲಿಫೋನು ಮಾಡಿ ಮೇಜಿನ ಮೇಲೆ ಇಟ್ಟಿದ್ದೆ. ಬಹಳ ಚೆನ್ನಾಗಿತ್ತು. ಅಪ್ಪ ಎರಡು ಬೆರಳಲ್ಲಿ ಎತ್ತಿ ನನ್ನ ಕೈಗೆ ವಾಪಸು ಕೊಟ್ಟರು. ದಿನವಿಡೀ ಟೆಲಿಫೋನಿನ ಅಚ್ಚು ಮಾಡುವವರ ಮನೆಯಲ್ಲಿ ಟೆಲಿಫೋನು ಇರಲಿಲ್ಲ. ಆಗ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ನನಗೆ ಅಳು ಬಂತು. ಆದರೂ ಅಪ್ಪ ಸಡಿಲಿಸಲಿಲ್ಲ.

ವೈರಿನ ವಿಷಯ ಹೇಳಲೇಬೇಕು, ಯಾಕೆಂದರೆ ಈಗಿನ ಮಕ್ಕಳಿಗೆ ಅದು ಸಿಗುವುದಿಲ್ಲ. ರಸ್ತೆ ಅಗೆದು ಟೆಲಿಫೋನ್ ಕೇಬಲ್ಲಿಗೆ ಜಾಯಿಂಟು ಹಾಕುವವರು ಗುಂಡಿಯೊಳಗೆ ಕೂತಿದ್ದಾರೆ ಅಂದರೆ ವಠಾರದ ಮಕ್ಕಳೆಲ್ಲ ಸುತ್ತ ನಿಲ್ಲುತ್ತಿದ್ದೆವು. ಅವರು ಕತ್ತರಿಸಿ ಬಿಸಾಡಿದ ತುಂಡುಗಳು ನಮ್ಮ ಆಸ್ತಿ. ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ, ಬಿಳಿ. ಒಳಗೆ ತಾಮ್ರದ ತಂತಿ, ಬಗ್ಗಿಸಿದ ಹಾಗೆ ನಿಲ್ಲುತ್ತದೆ. ಕುರ್ಚಿ ಮಾಡಲು ಮೊದಲು ಎರಡು ತಂತಿ ಒಟ್ಟಿಗೆ ಹೆಣೆದು ಗಟ್ಟಿ ಮಾಡಿಕೊಳ್ಳಬೇಕು. ಅದನ್ನು ಕನ್ನಡದ 'ಗ'ದ ಹಾಗೆ ಬಗ್ಗಿಸಿದರೆ ಒಂದು ಪಕ್ಕದ ಕಾಲು ಮತ್ತು ಕೈ. ಇನ್ನೊಂದು ಪಕ್ಕಕ್ಕೂ ಅದೇ. ನಡುವೆ ಬೇರೆ ಬಣ್ಣದ ತಂತಿಯಿಂದ ಒಂದು ಮೇಲೆ ಒಂದು ಕೆಳಗೆ ಹೆಣೆಯುತ್ತಾ ಹೋದರೆ ಬೆತ್ತದ ಕುರ್ಚಿಯ ಹಾಗೇ ಕೂರುವ ಜಾಗ. ತುದಿಯನ್ನು ಒಳಗೆ ಸಿಕ್ಕಿಸಿ ಉಗುರಿನಿಂದ ಒತ್ತಬೇಕು, ಇಲ್ಲವಾದರೆ ಗೊಂಬೆಯ ಸೀರೆ ಹರಿಯುತ್ತದೆ. ನಮ್ಮ ಮನೆಯಲ್ಲಿದ್ದದ್ದು ಎರಡು ಬೆತ್ತದ ಕುರ್ಚಿ. ಬೆತ್ತದ ಬಣ್ಣಕ್ಕೆ ಕಂದು ತಂತಿ ಸಾಲದೆ ಪಕ್ಕದ ಮನೆ ಹುಡುಗನಿಗೆ ಎಂಟು ಗೋಲಿ ಕೊಟ್ಟು ಕಂದು ತಂತಿ ತಗೊಂಡೆ. ಅಪ್ಪ ಆ ಕುರ್ಚಿಗಳನ್ನು ಸ್ಕೇಲಿಟ್ಟು ನೋಡಿ ಏನೂ ಹೇಳದೆ ಒಳಗಿಟ್ಟರು. ಅಷ್ಟು ಸಂತೋಷ ನನಗೆ ಪರೀಕ್ಷೆಯಲ್ಲಿ ಯಾವತ್ತೂ ಆಗಿಲ್ಲ.

ಮಾಡಿನ ಕೆಲಸ ಎಲ್ಲಕ್ಕಿಂತ ದೊಡ್ಡದು. ವಠಾರಕ್ಕೆ ನಾಡಹೆಂಚು ಹೊದಿಸಿತ್ತು, ಅರ್ಧ ಕೊಳವೆಯ ಹಾಗೆ ಬಾಗಿದ್ದು. ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ನಿನ ಆಚೆ ಪಾಟರಿ ಟೌನಿನಲ್ಲಿ ಕುಂಬಾರರ ಮನೆಗಳಿವೆ. ಅಲ್ಲಿಂದ ಅಪ್ಪ ಒಂದು ಬಕೆಟ್ ಹದ ಮಾಡಿದ ಮಣ್ಣು ತಂದರು. ಮಣ್ಣನ್ನು ಚಪಾತಿಯ ಹಾಗೆ ಲಟ್ಟಿಸಿ, ಚಾಕುವಿನಲ್ಲಿ ಪಟ್ಟಿ ಪಟ್ಟಿ ಕೊಯ್ದು, ಒಂದೊಂದು ತುಂಡನ್ನೂ ಪೆನ್ಸಿಲ್ಲಿನ ಬೆನ್ನ ಮೇಲೆ ಬಗ್ಗಿಸಿ, ಮೆಲ್ಲಗೆ ಜಾರಿಸಿ ಮೊರದಲ್ಲಿ ಒಣಗಲು ಇಡಬೇಕು. ಪೆನ್ಸಿಲ್ಲಿಗೆ ಮೊದಲೇ ಎಣ್ಣೆ ಸವರಿರಬೇಕು. ಅಪ್ಪನ ಲೆಕ್ಕದಲ್ಲಿ ಸಾವಿರದ ಮುನ್ನೂರು ಹೆಂಚು. ಸಂಜೆ ಹೊತ್ತು ಅಮ್ಮ ಲಟ್ಟಿಸುವುದು, ನಾನು ಬಗ್ಗಿಸುವುದು. ಒಣಗಿದ್ದನ್ನು ಹಳೇ ಡಾಲ್ಡಾ ಡಬ್ಬಿಯಲ್ಲಿ ತುಂಬಿ ಬಚ್ಚಲ ಹಂಡೆ ಒಲೆಯ ಕೆಂಡದೊಳಗೆ ಹೂತಿಡುತ್ತಿದ್ದೆವು. ಬೆಳಿಗ್ಗೆ ಬೂದಿ ಕೆದಕಿ ಡಬ್ಬಿ ತೆಗೆದರೆ ಹಳದಿ ಮಣ್ಣು ಕೆಂಪಾಗಿರುತ್ತಿತ್ತು. ಅಂಗೈಯಲ್ಲಿ ಕುಲುಕಿದರೆ ಗಿಲಿಗಿಲಿ ಅನ್ನುತ್ತಿತ್ತು. ಹತ್ತಕ್ಕೆ ಎರಡು ಒಡೆಯುತ್ತಿದ್ದವು.

ನೆಲಕ್ಕೆ ಗೋಂದಿನಲ್ಲಿ ಕಲಸಿದ ಕಾವಿ, ಅದರ ಮೇಲೆ ಮೇಣದಬತ್ತಿ ಉಜ್ಜಿದ್ದು. ಕಿಟಕಿಗೆ ಸೈಕಲ್ ಕಡ್ಡಿಯ ಸರಳು. ಅಂಗಳದ ಮೂಲೆಯ ಮನೆಯಲ್ಲಿ ಹೊಲಿಗೆ ಮಾಡುವ ಒಬ್ಬರಿದ್ದರು. ಅವರನ್ನು ನಾವೆಲ್ಲ ಮಿಷನ್ ಆಂಟಿ ಅನ್ನುತ್ತಿದ್ದೆವು. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಫ್ರಾಕು ಹೊಲಿದುಕೊಡುತ್ತಿದ್ದರು. ಅವರ ಕತ್ತರಿಯ ಕೆಳಗೆ ಉದುರಿದ ಚೂರುಗಳೇ ನಮ್ಮ ಹಾಸಿಗೆ, ದಿಂಬು, ಪರದೆ. ಸೆಪ್ಟೆಂಬರ್ 8ರ ಮೇರಿಯಮ್ಮನ ಹಬ್ಬಕ್ಕೆ ಆಂಟಿ ನನ್ನನ್ನು ಶಿವಾಜಿನಗರದ ಬೆಸಿಲಿಕಾಕ್ಕೆ ಕರೆದುಕೊಂಡು ಹೋದರು. ಕಾವಿ ಸೀರೆ ಉಟ್ಟವರ ಜನಜಾತ್ರೆ, ತೇರು, ಮೇಣದಬತ್ತಿಯ ಬಿಸಿ. ರಸ್ತೆ ಬದಿಯ ಆಟದ ಸಾಮಾನಿನಂಗಡಿಯಲ್ಲಿ ಹೆಬ್ಬೆರಳಷ್ಟು ಹಿತ್ತಾಳೆ ಕೊಡ ಇತ್ತು. ಆಂಟಿ ತಾನೇ ದುಡ್ಡು ಕೊಟ್ಟು ಎರಡು ತೆಗೆಸಿಕೊಟ್ಟರು. ಅಪ್ಪ ಅಳೆದು ನೋಡಿದರು. ಒಂದು ಇಂಚಿಗಿಂತ ಒಂದು ಕೂದಲು ಹೆಚ್ಚು. "ಪರವಾಗಿಲ್ಲ, ದೊಡ್ಡ ಕೊಡ ಅಂದ್ಕೋಬಹುದು," ಅಂದರು.

ಒರಳನ್ನು ಅಪ್ಪ ಕೊನೆಗೆ ಇಟ್ಟುಕೊಂಡಿದ್ದರು. ಸೀಮೆಸುಣ್ಣದ ಕಲ್ಲನ್ನು ಕೆತ್ತಿ, ಮರಳುಕಾಗದದಲ್ಲಿ ಉಜ್ಜಿ, ಇದ್ದಿಲ ಪುಡಿ ಬಳಿದು ಮಾಡಿದ ಒಂದೂವರೆ ಇಂಚಿನ ಒರಳು. ಗುಳಿಯಿತ್ತು, ಗುಂಡಿತ್ತು, ಗುಂಡು ತಿರುಗುತ್ತಿತ್ತು. ಆರು ಇಂಚು ಅಗಲ ಎಂಟು ಇಂಚು ಉದ್ದದ ಅಡಿಗೆಮನೆಯ ಮೂಲೆಯಲ್ಲಿ, ನಮ್ಮ ಒರಳು ಎಲ್ಲಿತ್ತೋ ಅಲ್ಲೇ, ಅದನ್ನು ಕೂರಿಸಿ ಅಪ್ಪ ಅಜ್ಜಿಯನ್ನು ಕರೆದರು.

ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದರು. ಹಜಾರ ನೋಡಿದರು, ಮಂಚ ನೋಡಿದರು, ಬಾಗಿಲ ಚಿಲಕ ತೆಗೆದು ಹಾಕಿದರು. ಅಡಿಗೆಮನೆಗೆ ಬಂದಾಗ ಮುಖ ಚಿಕ್ಕದಾಯಿತು.

"ಇದೇನು?"

"ಒರಳು ಅಮ್ಮ."

"ಇದು ಒರಳಲ್ಲ ಕಣೋ. ಕುಂಕುಮದ ಭರಣಿ."

"ಅಳತೆ ಸರಿಯಾಗಿದೆ. ಹದಿನೆಂಟು ಇಂಚಿಗೆ ಒಂದೂವರೆ."

"ಅಳತೆ ನಿನಗೆ ಗೊತ್ತು. ತಿರುಗಿಸಿದವಳು ನಾನು."

ಅಪ್ಪ ಸುಮ್ಮನಾದರು. ನನಗೆ ಆಗ ಅರ್ಥವಾಗಲಿಲ್ಲ. ತಾತ ತೀರಿಕೊಂಡಾಗ ಅಪ್ಪನಿಗೆ ಒಂಬತ್ತು ವರ್ಷ. ಹಲಸೂರು ಬಜಾರಿನ ಒಂದು ಹೋಟೆಲಿಗೆ ದಿನಾ ನಸುಕಿನಲ್ಲಿ ಎದ್ದು ಇಡ್ಲಿ ಹಿಟ್ಟು ರುಬ್ಬಿ ಕಳಿಸಿ ಅಜ್ಜಿ ಸಂಸಾರ ನಡೆಸಿದ್ದು, ಅಪ್ಪ ಪಾಲಿಟೆಕ್ನಿಕ್ ಮುಗಿಸುವವರೆಗೂ. ಬಲಗೈ ಮಣಿಕಟ್ಟಿನಲ್ಲಿ ಅಜ್ಜಿಗೊಂದು ಗಂಟಿತ್ತು. ಮಳೆಗಾಲದಲ್ಲಿ ಅದಕ್ಕೆ ನೀಲಗಿರಿ ಎಣ್ಣೆ ಸವರುವ ಕೆಲಸ ನನ್ನದು. ಅದು ಎಲ್ಲಿಂದ ಬಂತು ಅಂತ ನಾನು ಕೇಳಿರಲೇ ಇಲ್ಲ. ಅಜ್ಜಿಯ ಮುಖ ನೋಡಿದ ಆ ರಾತ್ರಿ ಅಮ್ಮ ನನಗೆ ಮೆಲ್ಲಗೆ ಹೇಳಿದರು.

ಮಾರನೆಯ ದಿನ ಅಪ್ಪ ಇನ್ನೊಂದು ಸಲ ಬಿಡಿಸಿ ಹೇಳಲು ನೋಡಿದರು. ಒಂದು ಸಾಮಾನಿನ ಅಳತೆ ತಪ್ಪಿದರೆ ಇಡೀ ಮನೆ ಸುಳ್ಳಾಗುತ್ತದೆ ಅಂದರು. ಅಜ್ಜಿ ಹೂ ಕಟ್ಟುತ್ತಿದ್ದರು, ದಾರದಿಂದ ಕಣ್ಣೆತ್ತಲಿಲ್ಲ.

"ನಮ್ಮ ಗುಡಿ ಗೋಡೆ ಮೇಲೆ ರಾವಣ ಕೈಲಾಸ ಎತ್ತಿದಾನಲ್ಲ, ನೋಡಿದೀಯಾ?"

"ನೋಡಿದೀನಿ."

"ಅದನ್ನ ಕೆತ್ತಿದ ಪುಣ್ಯಾತ್ಮ ನಿನ್ನ ಹಾಗೆ ಅಡಿಕೋಲು ಹಿಡಿದು ಕೂತಿದ್ರೆ ಬೆಟ್ಟದ ಕೆಳಗೆ ರಾವಣ ಕಾಣ್ತಾನೇ ಇರಲಿಲ್ಲ."

ಈ ಮಾತನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ. ಈಗಲೂ ಸೋಮೇಶ್ವರನ ಗುಡಿಗೆ ಹೋದರೆ ಆ ಕೆತ್ತನೆಯ ಮುಂದೆ ನಿಲ್ಲದೆ ಬರುವುದಿಲ್ಲ.

ಪಾಡ್ಯಕ್ಕೆ ಐದು ದಿನವಿತ್ತು. ವರ್ಷಕ್ಕೆ ಎರಡು ಸಲ ವಠಾರಕ್ಕೆ ಒಬ್ಬ ಹೆಂಗಸು ಬರುತ್ತಿದ್ದಳು. ಒರಳು, ಬೀಸುವ ಕಲ್ಲು ಸವೆದು ನುಣ್ಣಗಾದರೆ ಉಳಿಯಿಂದ ಚುಕ್ಕಿ ಚುಕ್ಕಿ ಹೊಡೆದು ತರಿ ಮಾಡಿಕೊಡುವವಳು. ಕಂಕುಳಲ್ಲಿ ಮಗು, ಸೊಂಟದ ಚೀಲದಲ್ಲಿ ಉಳಿ ಸುತ್ತಿಗೆ. "ಒರಳ್‌ಕಲ್ಲಿಗೆ ಉಳೀ" ಅಂತ ಅವಳು ಕೂಗಿದರೆ ಬೀದಿಯ ಕೊನೆಗೆ ಕೇಳಿಸುತ್ತಿತ್ತು. ಅಜ್ಜಿ ಅವಳನ್ನು ಅಂಗಳದಲ್ಲಿ ಕೂರಿಸಿ, ಕಾಫಿ ಕೊಟ್ಟು, ಎರಡು ಕೈ ಜೋಡಿಸಿ ಬಟ್ಟಲಿನ ಹಾಗೆ ಹಿಡಿದು ತೋರಿಸಿದರು. "ಇಷ್ಟು. ನಿಜವಾದ ಕಲ್ಲಲ್ಲಿ. ಗುಂಡೂ ಬೇಕು." ಅವಳು ಆ ಕೈಗಳನ್ನೇ ನೋಡಿದಳು, ಅಳತೆ ಕೇಳಲಿಲ್ಲ.

ಮೂರನೇ ದಿನ ತಂದಳು. ಬೂದುಬಣ್ಣದ ಕಗ್ಗಲ್ಲಿನದು. ಹೊರಗೆ ಒರಟು, ಅಂಚಿನಿಂದ ಒಳಗೆ ಬರುತ್ತಾ ನುಣುಪು, ಗುಳಿಯ ತಳದಲ್ಲಿ ಸಾಸಿವೆ ಕಾಳಿನಷ್ಟು ಉಳಿ ಚುಕ್ಕಿಗಳು. ಗುಂಡಿನ ಮೇಲ್ತುದಿ ಹಿಡಿಯಲು ಸರಿಯಾಗಿ ಸ್ವಲ್ಪ ಸಣ್ಣಗಾಗಿತ್ತು. ಅಜ್ಜಿ ನಾಲ್ಕು ಕಾಳು ಅಕ್ಕಿ, ಎರಡು ಹನಿ ನೀರು ಹಾಕಿ ಮೂರು ಬೆರಳಲ್ಲಿ ತಿರುಗಿಸಿದರು. ಹಿಟ್ಟು ಬಂತು. ಐದು ರೂಪಾಯಿ, ಒಂದು ಸೀರೆ, ಮಗುವಿಗೆ ಒಂದು ಹಿಡಿ ಬೆಲ್ಲ ಕೊಟ್ಟು ಕಳಿಸಿದರು.

ನಾಲ್ಕು ಇಂಚು ಅಗಲ. ಅಡಿಗೊಂದು ಇಂಚಿನ ಲೆಕ್ಕದಲ್ಲಿ ನಾಲ್ಕು ಅಡಿಯ ಒರಳು. ತೂಕ ಒಂದೂವರೆ ಕೆಜಿಗೆ ಕಡಿಮೆ ಇರಲಿಲ್ಲ. ಅಡಿಗೆಮನೆಯೊಳಗಿಟ್ಟರೆ ಬಾಗಿಲು ತೆಗೆಯಲು ಬರುವುದಿಲ್ಲ, ಒಲೆ ಮುಂದೆ ಗೊಂಬೆ ಕೂರುವುದಿಲ್ಲ, ಹಲಗೆ ಬಾಗುತ್ತದೆ. ಅಪ್ಪ ಕಾರ್ಖಾನೆಯಿಂದ ಬಂದು ಅಂಗಿ ಬಿಚ್ಚುವ ಮುಂಚೆಯೇ ಅದನ್ನು ನೋಡಿದರು. ಎತ್ತಿ ಕೈಯಲ್ಲಿ ತೂಗಿದರು. ಬೆರಳಿನಿಂದ ಗುಳಿಯ ತಳ ಸವರಿದರು. ಏನೂ ಹೇಳದೆ ಊಟ ಮಾಡಿದರು.

ರಾತ್ರಿ ಗರಗಸದ ಸದ್ದಿಗೆ ನನಗೆ ಎಚ್ಚರವಾಯಿತು. ಹಜಾರದಲ್ಲಿ ಅಪ್ಪ ಮನೆಯ ಹಿಂದಿನ ಗೋಡೆ ಕಿತ್ತಿದ್ದರು. ಎರಡು ತಿಂಗಳು ಮಾಡಿದ ಗೋಡೆ, ಕಿಟಕಿ ಸಮೇತ, ನೆಲದ ಮೇಲೆ ಮಲಗಿತ್ತು. ಅಪ್ಪ ಅಡಿಗೆಮನೆಗೆ ಎರಡು ಇಂಚು ಕೂಡಿಸುತ್ತಿದ್ದರು. ಆರು ಇದ್ದದ್ದು ಎಂಟು. ಕೆಳಗೆ ಭಾರ ಹೊರಲು ಎರಡು ರೀಪು. ನನ್ನನ್ನು ನೋಡಿ "ಮಲಕ್ಕೋ" ಅಂದರು. ನಾನು ಮಲಗಲಿಲ್ಲ, ಸೀಮೆಎಣ್ಣೆ ದೀಪವನ್ನು ಹತ್ತಿರ ಹಿಡಿದುಕೊಂಡು ಕೂತೆ. ಆವತ್ತು ಕರೆಂಟು ಇರಲಿಲ್ಲ.

"ಅಪ್ಪಾ, ಅಳತೆ ತಪ್ಪಲ್ವಾ?"

ಅಪ್ಪ ಮೊಳೆಯನ್ನು ತುಟಿಯಿಂದ ತೆಗೆದು ಹಲಗೆಗೆ ಇಟ್ಟರು. "ನಿಮ್ಮಜ್ಜಿ ಬೆಳಗಿನ ಜಾವ ರುಬ್ಬೋವಾಗ ನಾನು ಪಕ್ಕದಲ್ಲೇ ಮಲಗ್ತಿದ್ದೆ. ಆಗ ನನಗೂ ಅದು ಇಷ್ಟು ದೊಡ್ಡದಾಗೇ ಕಾಣ್ತಿತ್ತು," ಅಂದರು. ಅಷ್ಟೇ. ಮೊಳೆ ಹೊಡೆದರು.

ಮಾಡಿಗೆ ಎರಡು ಇಂಚಿನ ಹೆಂಚು ಸಾಲಲಿಲ್ಲ. ಇನ್ನೂ ಎಂಬತ್ತು ಬೇಕಾಯಿತು. ನಾನೂ ಅಮ್ಮನೂ ಮಾರನೆಯ ದಿನ ಕೂತು ಮಾಡಿದೆವು. ಒಣಗಿಸಲು ಹೊತ್ತಿಲ್ಲದೆ ಹಂಡೆ ಒಲೆಯ ಪಕ್ಕವೇ ಇಟ್ಟು, ಆವತ್ತೇ ಸುಟ್ಟೆವು. ಅವು ಪೂರ್ತಿ ಕೆಂಪಾಗಲಿಲ್ಲ. ಆ ಮನೆ ಈಗ ಕೆ.ಆರ್. ಪುರದಲ್ಲಿ ನಮ್ಮ ಬೀರುವಿನ ಮೇಲಿದೆ. ನಡುವೆ ಎಷ್ಟೋ ಆಯಿತು. ಹಲಸೂರಿನ ವಠಾರ ನೆಲಸಮವಾಯಿತು, 2011ರಲ್ಲಿ ನಮ್ಮ ಮೆಟ್ರೋ ಬಂತು, ರೈಲಿನಲ್ಲಿ ಕೂತರೆ ಹಲಸೂರು ಎರಡೇ ನಿಮಿಷದಲ್ಲಿ ಕಳೆದುಹೋಗುತ್ತದೆ. ಆದರೂ ಹಿಂದಿನ ಮಾಡಿನಲ್ಲಿ ಎರಡು ಇಂಚಿನ ಪಟ್ಟಿ ಮಾತ್ರ ಬೇರೆ ಬಣ್ಣದ್ದು, ಮಸುಕು ಹಳದಿ. ಗ್ರಾಫ್ ಹಾಳೆಯೂ ಇದೆ. ಅದರಲ್ಲಿ ಅಡಿಗೆಮನೆಯ '6' ಅನ್ನು ಹೊಡೆದು ಹಾಕಿ, ಅಪ್ಪ ತಮ್ಮ ನೇರ ಅಕ್ಷರದಲ್ಲಿ '8' ಬರೆದು ಪಕ್ಕದಲ್ಲಿ ಸಹಿ ಹಾಕಿದ್ದಾರೆ. ಕಾರ್ಖಾನೆಯಲ್ಲಿ ನಕ್ಷೆ ತಿದ್ದಿದರೆ ಹಾಗೆ ಸಹಿ ಹಾಕುವುದು ಪದ್ಧತಿಯಂತೆ.

ಪಾಡ್ಯದ ಸಂಜೆ ಗೊಂಬೆ ಕೂರಿಸಿದೆವು. ಅಜ್ಜಿಗೆ ಮದುವೆಯಲ್ಲಿ ತವರಿನಿಂದ ಬಂದ ಪಟ್ಟದ ಗೊಂಬೆಗಳು, ರಾಜ ರಾಣಿ, ಒಂದೊಂದೂ ಮೊಳದುದ್ದ, ಮೇಲಿನ ಮೆಟ್ಟಿಲಲ್ಲಿ. ಕೆಳಗೆ, ರಾಗಿ ಪೈರಿನ ನಡುವೆ, ನಮ್ಮ ಮನೆ. ವಠಾರದ ಮಕ್ಕಳು ಗೊಂಬೆ ಬಾಗಿನಕ್ಕೆ ಬಂದವರು ಕೈಯಲ್ಲಿ ಕೊಬ್ಬರಿ ಮಿಠಾಯಿ ಹಿಡಿದುಕೊಂಡೇ ನೆಲಕ್ಕೆ ಕಿವಿ ತಾಗಿಸಿ ಒಳಗೆ ಇಣುಕಿದರು. ಎದುರುಮನೆಯ ಪಾಟಿ ತಮ್ಮ ಮನೆಯ ಕೊಲು ಬಿಟ್ಟು, ಕಡಲೆ ಸುಂಡಲ್ಲಿನ ಬಟ್ಟಲು ಹಿಡಿದು ಬಂದರು. ಕನ್ನಡಕ ಏರಿಸಿ ಮೊದಲು ನೋಡಿದ್ದು ಹೊಸ್ತಿಲನ್ನು. ಅಲ್ಲಿ ರಂಗೋಲಿ ಇರಲಿಲ್ಲ. "ಸಾಯಂಕಾಲ ಆಯ್ತು, ವಾಸಲಲ್ಲಿ ಕೋಲ ಇಲ್ಲ," ಅಂತ ಗದರಿ, ತಾವೇ ಅಕ್ಕಿಹಿಟ್ಟು ತರಿಸಿ, ಕಡ್ಡಿಯ ತುದಿಯಲ್ಲಿ ಐದು ಚುಕ್ಕಿ ಇಟ್ಟು ಎಳೆದರು. ಮಿಷನ್ ಆಂಟಿ ಬಹಳ ಹೊತ್ತು ನಿಂತಿದ್ದರು. ಪರದೆಯ ಬಟ್ಟೆ ಯಾವ ಫ್ರಾಕಿನದು, ದಿಂಬಿನದು ಯಾವುದು ಅಂತ ಒಂದೊಂದಾಗಿ ಹೇಳಿದರು.

ಯಾರೂ ಒರಳು ದೊಡ್ಡದಾಯಿತು ಅನ್ನಲಿಲ್ಲ. ಅಡಿಗೆಮನೆಯ ಕಿಟಕಿಯಿಂದ ನೋಡಿದವರೆಲ್ಲ ಮೊದಲು ಅದನ್ನೇ ನೋಡಿ, ಆಮೇಲೆ ಅಜ್ಜಿಯ ಕಡೆ ತಿರುಗುತ್ತಿದ್ದರು. ಅದರ ಮುಂದೆ ಅಮ್ಮ ಹಳೇ ಸೀರೆಯಲ್ಲಿ ಮಾಡಿದ ಐದಿಂಚಿನ ಗೊಂಬೆ, ಬಲಗೈ ಗುಂಡಿನ ಮೇಲೆ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಮಾರನೆಯ ದಿನ ಎಲ್ಲವನ್ನೂ ಹಳೇ ಪಂಚೆಯಲ್ಲಿ ಸುತ್ತಿ ಟ್ರಂಕಿಗೆ ತುಂಬಿದೆವು. ಒರಳನ್ನು ಮಾತ್ರ ಅಜ್ಜಿ ಟ್ರಂಕಿಗೆ ಹಾಕಲು ಬಿಡಲಿಲ್ಲ. ಒಲೆ ಪಕ್ಕ ಇಟ್ಟುಕೊಂಡು ಏ‌ಲಕ್ಕಿ ಪುಡಿ ಮಾಡುತ್ತಿದ್ದರು.

ಧನುರ್ಮಾಸದಲ್ಲಿ ಮನೆ ಬದಲಿಸುವುದಿಲ್ಲ ಅಂತ ಅಜ್ಜಿ ಹಟ ಹಿಡಿದದ್ದರಿಂದ ನಾವು ಸಂಕ್ರಾಂತಿಯವರೆಗೂ ಹಲಸೂರಿನಲ್ಲೇ ಉಳಿದೆವು. ಡಿಸೆಂಬರ್ ಕೊನೆಯ ವಾರ ಒಂದು ಸಂಜೆ ಮಿಷನ್ ಆಂಟಿ ಬಾಗಿಲಲ್ಲಿ ನಿಂತರು. ಅವರ ಮನೆಯಲ್ಲಿ ಪ್ರತಿವರ್ಷ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುತ್ತಿದ್ದರು. ಅದಕ್ಕೂ ನಮ್ಮ ಹಾಗೇ ತಟ್ಟೆಯಲ್ಲಿ ರಾಗಿ ಚೆಲ್ಲಿ ಹಸಿರು ಮಾಡುತ್ತಿದ್ದರು. ಆಂಟಿ ಸಂಕೋಚದಿಂದ ಕೇಳಿದರು: "ಅಮ್ಮಾ, ಆ ಚಿಕ್ಕ ಒರಳು ಎರಡು ದಿನಕ್ಕೆ ಕೊಡ್ತೀರಾ? ಬೆತ್ಲೆಹೇಮಲ್ಲಿ ಬಾವಿ ಇಲ್ಲ."

ಅಜ್ಜಿ ಏಲಕ್ಕಿ ಸಿಪ್ಪೆ ಊದಿ ತೆಗೆದು, ತೊಳೆದು, ಒರೆಸಿ ಕೊಟ್ಟರು.

ಕ್ರಿಸ್ಮಸ್ ಹಿಂದಿನ ರಾತ್ರಿ ನಮ್ಮನ್ನೆಲ್ಲ ಕರೆದಿದ್ದರು. ಅವರ ಹಜಾರದ ಮೂಲೆಯಲ್ಲಿ ಕಂದು ಕಾಗದ ಮುದುರಿ ಮಾಡಿದ ಗುಡ್ಡ, ಹುಲ್ಲಿನ ಚಪ್ಪರ, ನೀಲಿ ಬಲ್ಬು. ಮೂವರು ರಾಯರು, ಒಬ್ಬ ಕುರುಬ, ಒಂಟೆ. ದೇವದೂತೆ ಚಪ್ಪರಕ್ಕಿಂತ ದೊಡ್ಡವಳು. ಒಂದು ಕುರಿ ಒಂಟೆಯಷ್ಟೇ ಇತ್ತು. ರಾಗಿ ಪೈರಿನ ನಡುವೆ ನಮ್ಮ ಒರಳು ಬಾವಿಯಾಗಿ ಕೂತಿತ್ತು, ಗುಂಡು ತೆಗೆದಿಟ್ಟಿದ್ದರು.

ಅಜ್ಜಿ ಬಗ್ಗಿ ನೋಡಿ, ಆಂಟಿಯ ಮನೆಯ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡರು. "ಬಾವಿ ಒಣಗಿರಬಾರದಮ್ಮ," ಅನ್ನುತ್ತಾ ಗುಳಿಯ ಅಂಚಿನವರೆಗೂ ಮೆಲ್ಲಗೆ ತುಂಬಿದರು. ನೀಲಿ ಬಲ್ಬು ಅದರೊಳಗೆ ಕಂಡಿತು.

ಅಪ್ಪ ಹಿಂದೆ ಕೈ ಕಟ್ಟಿ ನಿಂತಿದ್ದವರು ಮುಂದೆ ಬಂದು ಕೂತರು. ಒಂಟೆಯಷ್ಟಿದ್ದ ಆ ಕುರಿಯನ್ನು ಎರಡು ಬೆರಳಲ್ಲಿ ಎತ್ತಿ ನೀರಿನ ಹತ್ತಿರ ತಂದಿಟ್ಟು, ಅದರ ಮುಖ ಬಾವಿಯ ಕಡೆ ತಿರುಗಿಸಿದರು.